ಮನೆಗೆ ಬಂದ ರಾತ್ರಿ ಭೋಜನ

ಧಾರವಾಡ
೧೨ ಜುಲೈ ೧೯೫೩

ಪ್ರೀತಿಯ ಅವ್ವನಿಗೆ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಾನೊಂದು ಕಾಗದ ಹಾಕಿದರೆ ಈಗ ನೀನು ಕೈಯಲ್ಲಿನ ಕೆಲಸ ಬಿಟ್ಟು ಪಕ್ಕದ ಮನೆಗೆ ಹೋಗಿ, ಅನುಸೂಯಾ ಕಾಕು ಅಡಿಗೆ ಮುಗಿಸುವ ತನಕ ಅವರ ಕಟ್ಟೆಯ ಮೇಲೆ ಕಾದು ಕೂತು, ಅದನ್ನು ಓದಿಸಿಕೊಳ್ಳಬೇಕು. ಇಷ್ಟು ಗೊತ್ತಿದ್ದೂ ಒಂದೇ ವಾರದಲ್ಲಿ ಇದು ಎರಡನೆಯದು. ಮೊದಲಿನದರಲ್ಲಿ ‘ನಾನು ಸುಖವಾಗಿದ್ದೇನೆ’ ಎಂದು ಬರೆದಿದ್ದೆ. ಅದು ರೂಢಿ. ಹಾಸ್ಟೆಲ್‌ನಲ್ಲಿ ಬೆಳೆದವರು ಕಾಗದ ಶುರುಮಾಡುವುದೇ ಹಾಗೆ.

ಖರೆ ಹೇಳುತ್ತೇನೆ, ಇಲ್ಲಿ ನನಗೆ ಎಲ್ಲದಕ್ಕೂ ಹೆದರಿಕೆ. ಲೆಕ್ಚರ್ ಹಾಲಿನಲ್ಲಿ ಹುಡುಗಿಯರಿಗೆ ಮುಂದಿನ ಬೆಂಚು. ಹಿಂದೆ ಹುಡುಗರ ಸಮುದ್ರ. ಹಾಜರಿ ಕರೆಯುವಾಗ ‘ಸಲೋಮಿ ಎಲೀಯಪ್ಪ’ ಎಂದೊಡನೆ ಯಾರೋ ಕಿಸಕ್ಕೆಂದರು. ‘ಪ್ರೆಸೆಂಟ್ ಸರ್’ ಎನ್ನಲು ಹೋಗಿ ‘ಆಮೆನ್’ ಅಂದುಬಿಟ್ಟೆ! ಇಡೀ ಕ್ಲಾಸು ನಕ್ಕಿತು. ಕಾನ್ವೆಂಟಿನ ಹುಡುಗಿಯರ ಮುಂದೆ ನನ್ನ ಇಂಗ್ಲಿಷು ಬರೀ ಹಾಸ್ಟೆಲ್ ಇಂಗ್ಲಿಷು, ಬನಹಟ್ಟಿಗೆ ಬಂದರೆ ನನ್ನ ಕನ್ನಡ ಹಾಸ್ಟೆಲ್ ಕನ್ನಡ. ನನ್ನ ರೂಮಿನಲ್ಲಿ ಸೆವ್ರಿನ್ ಎಂಬ ಮಂಗಳೂರ ಕಡೆಯ ಹುಡುಗಿ ಇದ್ದಾಳೆ. ಅವಳು ಕ್ಯಾಥೊಲಿಕ್. ಜಪಸರ ಹಿಡಿದು ಮಲಗುತ್ತಾಳೆ, ಎರಡು ನಿಮಿಷಕ್ಕೆ ಗೊರಕೆ. ನಾನು ಮೊಣಕಾಲೂರಿದರೆ ಬಾಯಿ ಪಾಠ ಒಪ್ಪಿಸುತ್ತದೆ, ಅಷ್ಟೇ. ಮನಸ್ಸು ಬನಹಟ್ಟಿಯಲ್ಲಿರುತ್ತದೆ.

ಕೇಳಬೇಕೆಂದಿದ್ದುದು ಬೇರೆ. ನನ್ನ ಕಾಗದ ಯಾವಾಗಲೂ ಓದುತ್ತಿದ್ದವರು ಅಪ್ಪ, ಉತ್ತರ ಬರೆಯುತ್ತಿದ್ದವರೂ ಅವರೇ. ಈ ಸಲದ ಉತ್ತರ ಬಂದದ್ದು ಕಾಕುನ ಅಕ್ಷರದಲ್ಲಿ. ಜಮಖಂಡಿಯಲ್ಲಿ ನನ್ನನ್ನು ಬಸ್ ಹತ್ತಿಸುವಾಗ ಅಪ್ಪ ಟ್ರಂಕಿನ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದ್ದರು. ಕೇಳಿದ್ದಕ್ಕೆ ‘ರಸ್ತಾದ ಧೂಳ’ ಎಂದರು. ಆ ಕೆಮ್ಮು ಹೋಯಿತೇ?

ನಿನ್ನ ಮಗಳು,
ಸಲೋಮಿ


ಬನಹಟ್ಟಿ
೨೬ ಜುಲೈ ೧೯೫೩

ಮಗಳು ಸಲೋಮಿಗೆ ನಿಮ್ಮವ್ವ ಮಾರ್ಥವ್ವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಆಮೆನ್ ಅಂದದ್ದಕ್ಕ ಯಾಕ ಅಳತಿ? ಗುಡಿಯಾಗ ಪ್ರೆಸೆಂಟ್ ಸರ್ ಅನಲಿಲ್ಲಲ್ಲ, ಅಷ್ಟ ಸಾಕು.

ನಿಮ್ಮಪ್ಪ ಛಲೋ ಅದಾರ. ಕೈಗೆ ಪುರುಸೊತ್ತಿಲ್ಲ, ಅದಕ್ಕ ಬರದಿಲ್ಲ. ಮಗ್ಗದ ಮ್ಯಾಲೆ ಒಂದು ಸೀರಿ ಅದ. ಸೆರಗಿನ ಎಳಿಗೂ ಒಡಲಿನ ಎಳಿಗೂ ಕೊಂಡಿ ಕೂಡಸೂ ಕೆಲಸ ಬಂತು. ಅದು ಒಬ್ಬರ ಕೈಲೆ ಆಗೂದಲ್ಲ, ನಿನಗ ಗೊತ್ತದ. ಎದುರುಮನಿ ಮುರಗೆಪ್ಪ, ಅವನ ಹೆಣ್ತಿ ಬನಶಂಕರಿ ಬಂದು ಕೂಡಿಸಿ ಕೊಟ್ರು. ಬನಶಂಕರಿ ಬಾಯಿ ಸುಮ್ಮನಿರತದೇನು? ‘ಮಾರ್ಥಕ್ಕ, ನಿಮ್ಮ ಯೇಸುಸ್ವಾಮಿಗೆ ನೇಯ್ಗಿ ಬರತಿತ್ತೇನ?’ ಅಂತ ಕೇಳಿದ್ಲು. ನಾ ಅಂದೆ, ‘ಇಲ್ಲ ಬೇ, ಆತ ಬಡಿಗ್ಯಾ. ಮಗ್ಗ ಮಾಡ್ಯಾನು, ನೇಯೂದು ನಮಗ ಬಿಟ್ಟಾನು.’ ನಿಮ್ಮಪ್ಪ ನಕ್ರು.

ಆಡು ಕಾಯೂ ಲಗಮವ್ವ ದಿನಾ ಮುಂಜಾನೆ ಆಡಿನ ಹಾಲು ತಂದು ಕೊಡತಾಳ. ಬ್ಯಾಡಂದ್ರ ಕೇಳೂದಿಲ್ಲ. ಬೀರಪ್ಪ ದೇವರ ಅರಿಷಿಣ ಭಂಡಾರನೂ ಒಂದು ಚೀಟ್ಯಾಗ ಕಟಿಗೊಂಡು ಬಂದಿದ್ಲು.

ನೀ ಹೊಟ್ಟಿತುಂಬ ಉಣ್ಣು. ಅಭ್ಯಾಸ ಮಾಡು. ಮನಿ ಚಿಂತಿ ಬ್ಯಾಡ.

ಇತಿ ನಿಮ್ಮವ್ವ.

(ಸಲೋಮಿ, ನಾನು ಅನುಸೂಯಾ. ನಿಮ್ಮವ್ವ ಹೇಳಿದ್ದು ಅಷ್ಟೂ ಬರೆದಿದ್ದೇನೆ. ಹೇಳದೇ ಇದ್ದದ್ದನ್ನು ಬರೆಯುವ ಅಧಿಕಾರ ನನಗಿಲ್ಲ. ಇನ್ನೊಂದು. ನೀನು ಕಾಗದದಾಗ ಇಂಗ್ಲಿಷ್ ಮಾತು ಕಡಿಮೆ ಮಾಡು. ತೇರದಾಳ ಸಾಲಿಯಾಗ ನನಗೆ ಅಷ್ಟು ಕಲಿಸಿಲ್ಲ, ಓಣಿಯವರ ಮುಂದೆ ಓದುವಾಗ ಮರ್ಯಾದಿ ಹೋಗುತ್ತದೆ.)


ಧಾರವಾಡ
೧೬ ಆಗಸ್ಟ್ ೧೯೫೩

ಪ್ರೀತಿಯ ಅವ್ವ,

ಅಪ್ಪ ನಕ್ಕರು ಎಂದು ಓದಿ ನನ್ನ ಅರ್ಧ ಭಾರ ಇಳಿಯಿತು. ಬರೆಯಲು ಪುರುಸೊತ್ತಿಲ್ಲದಷ್ಟು ಕೆಲಸ ಬಂದಿದೆ ಎಂದರೆ ಸಂತೋಷವೇ. ಸೆವ್ರಿನ್‌ಗೆ ಬಡಿಗನ ಮಾತು ಹೇಳಿದೆ. ಹಾಸಿಗೆ ಮೇಲೆ ಬಿದ್ದು ನಕ್ಕಳು, ಆಮೇಲೆ ನಕ್ಕದ್ದು ಪಾಪವೋ ಏನೋ ಎಂದು ಜಪಸರ ಹಿಡಿದಳು.

ಇಲ್ಲಿ ಮಳೆ ಬಿಟ್ಟೇ ಇಲ್ಲ. ಒಗೆದ ಬಟ್ಟೆ ಒಣಗುವುದಿಲ್ಲ, ನನಗೆ ಲಾಜಿಕ್ ತಲೆಗೆ ಹತ್ತುವುದಿಲ್ಲ. ಅಕ್ಟೋಬರಿನಲ್ಲಿ ಪರೀಕ್ಷೆ. ನಾಪಾಸಾದರೆ ಮಿಶನ್ನಿನವರು ವಿದ್ಯಾರ್ಥಿವೇತನ ನಿಲ್ಲಿಸುತ್ತಾರೋ ಎಂಬ ಯೋಚನೆಯಲ್ಲೇ ಪುಸ್ತಕ ತೆರೆದಿರುತ್ತದೆ, ಪುಟ ತಿರುಗುವುದಿಲ್ಲ.

ರಾತ್ರಿ ಮಲಗಿದ ಮೇಲೆ ಒಂದು ವಿಷಯ ಹೊಳೆಯಿತು. ಮನೆಯಲ್ಲಿ ಸಣ್ಣ ಕೂಸಿಲ್ಲ. ನೀನು ಹಾಲು ಕುಡಿಯುವವಳಲ್ಲ. ಹಾಗಾದರೆ ದಿನಾ ಆಡಿನ ಹಾಲು ಯಾರಿಗೆ? ಕೊಂಡಿ ಕೂಡಿಸಲು ಪ್ರತಿ ಸಲ ಅಪ್ಪ, ನೀನು, ಮುರಗೆಪ್ಪ ಮಾವ ಮೂವರು ಕೂರುತ್ತಿದ್ದಿರಿ. ಈ ಸಲ ಬನಶಂಕರಿ ಅತ್ತೆ ಕೂತದ್ದು ಯಾರ ಜಾಗದಲ್ಲಿ?

ಕಾಕು, ನಿಮಗೂ ಒಂದು ಮಾತು. ಅವ್ವ ಹೇಳದಿದ್ದರೆ ನೀವಾದರೂ ಬರೆಯಿರಿ. ಇಂಗ್ಲಿಷು ಬಿಟ್ಟಿದ್ದೇನೆ ನೋಡಿ, ಲಾಜಿಕ್ಕಿಗೆ ಮಾತ್ರ ನನಗೆ ಕನ್ನಡ ಸಿಗಲಿಲ್ಲ.

ಸಲೋಮಿ


ಧಾರವಾಡ
೯ ಸೆಪ್ಟೆಂಬರ್ ೧೯೫೩

ಅವ್ವ,

ಉತ್ತರ ಬರಲಿಲ್ಲ. ಟಪಾಲಿನವನು ಹಾಸ್ಟೆಲ್ ಗೇಟು ದಾಟಿ ಹೋಗುವುದನ್ನು ದಿನಾ ನೋಡುತ್ತೇನೆ. ಸೆವ್ರಿನ್ ‘ನೋ ನ್ಯೂಸ್ ಈಸ್ ಗುಡ್ ನ್ಯೂಸ್’ ಎನ್ನುತ್ತಾಳೆ, ಸುದ್ದಿ ಇಲ್ಲವೆಂದರೆ ಒಳ್ಳೆಯ ಸುದ್ದಿಯಂತೆ. ನಮ್ಮ ಕಡೆ ಹಾಗೆ ಯಾರೂ ಅನ್ನುವುದಿಲ್ಲ. ಎರಡೇ ಸಾಲು ಬರೆಸು. ಅಪ್ಪ ಹೇಗಿದ್ದಾರೆ?

ಸಲೋಮಿ


ಬನಹಟ್ಟಿ
೨೦ ಸೆಪ್ಟೆಂಬರ್ ೧೯೫೩

ಮಗಳು ಸಲೋಮಿಗೆ ಆಶೀರ್ವಾದ.

ತಡ ಆತು. ಸಿಟ್ಟ ಮಾಡಿಕೋಬ್ಯಾಡ. ನಿಮ್ಮಪ್ಪಗ ಮೈಯಾಗ ಒಂದೀಟ ಆರಾಮಿಲ್ಲ. ಸಂಜೀಕ ಜ್ವರ ಬರತಾವ, ಮುಂಜಾನೆ ಹೋಗತಾವ. ಜಮಖಂಡಿ ಡಾಕ್ಟರ ನೋಡ್ಯಾರ.

ಕರ್ತನ ರಾತ್ರಿ ಭೋಜನದ ಆರಾಧನಿಗೆ ನಮ್ಮ ಸಭೆಯ ಅಯ್ಯನವರು ವಿಜಾಪುರದಿಂದ ಜಮಖಂಡಿಗೆ ಬಂದಿದ್ರು. ಮುಧೋಳದವರು, ಬೀಳಗಿಯವರು, ನಮ್ಮವರು ಎಲ್ಲಾ ಅಲ್ಲಿ ಮಿಶನ್ ಸಾಲಿ ಮಾಸ್ತರ ಮನ್ಯಾಗ ಕೂಡಿದ್ರಂತ. ನಿಮ್ಮಪ್ಪಗ ಅಲ್ಲೀತನಕ ಹೋಗೂದು ಆಗಲಿಲ್ಲ. ಅದಕ್ಕ ಅಯ್ಯನವರು ಮರುದಿನ ಬಸ್ ಹಿಡದು ನಮ್ಮ ಮನಿಗೇ ಬಂದ್ರು. ಮಗ್ಗದ ಬಾಜೂಕ ಹಾಸಿಗಿ ಇತ್ತು. ಅದರ ಮ್ಯಾಲೆ ಅವರನ ಎಬ್ಬಿಸಿ ಕೂಡಿಸಿ, ರೊಟ್ಟಿ ಮುರದು ಕೊಟ್ಟು, ದ್ರಾಕ್ಷಾರಸ ಕೊಟ್ಟು, ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಿ ಮಾಡಿ ಹೋದ್ರು. ನಿಮ್ಮಪ್ಪಾರ ಮುಖ ಭಾಳ ಶಾಂತ ಇತ್ತು. ಅವತ್ತ ನೆಟ್ಟಗ ನಿದ್ದಿ ಮಾಡಿದ್ರು.

ನೀ ಪರೀಕ್ಷಾ ಮುಗಿಸು. ಅಲ್ಲೀತನಕ ಬರೂದು ಬ್ಯಾಡ. ಅವರೂ ಹಿಂಗ ಹೇಳ್ಯಾರ.

ಇತಿ ನಿಮ್ಮವ್ವ.


ಧಾರವಾಡ
೨೫ ಸೆಪ್ಟೆಂಬರ್ ೧೯೫೩

ಅಪ್ಪ,

ಈ ಕಾಗದ ನಿಮ್ಮ ಕೈಗೇ ಸಿಗಲಿ ಎಂದು ಬೇಡಿಕೊಳ್ಳುತ್ತಾ ಬರೆಯುತ್ತಿದ್ದೇನೆ.

ಅವ್ವನ ಕಾಗದವನ್ನು ಸೆವ್ರಿನ್‌ಗೆ ಓದಿ ಹೇಳಿದೆ. ಅಯ್ಯನವರು ಹಾಸಿಗೆಯ ಹತ್ತಿರ ಬಂದು ರಾತ್ರಿ ಭೋಜನ ಕೊಟ್ಟರು ಎಂದೊಡನೆ ಅವಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಏನು ಎಂದು ಕೇಳಿದೆ. ಕಾಡಿದ ಮೇಲೆ ಹೇಳಿದಳು. ಅವರ ಊರಿನಲ್ಲಿ ಪಾದ್ರಿ ಹೀಗೆ ಮನೆಗೆ ಬಂದು, ತಲೆಯ ಮೇಲೆ ಕೈಯಿಟ್ಟು, ಪ್ರಸಾದ ಕೊಡುವುದು ಕಡೆಯ ಪಯಣಕ್ಕಂತೆ. ಅವಳ ಅಜ್ಜನಿಗೆ ಹಾಗೇ ಕೊಟ್ಟರಂತೆ. ಅವರ ಮುಖವೂ ಶಾಂತವಾಗಿತ್ತಂತೆ.

ನಾನು ಎಂಟು ವರ್ಷದವಳಿದ್ದಾಗಿನಿಂದ ಹಾಸ್ಟೆಲ್‌ನಲ್ಲಿದ್ದೇನೆ. ನಮ್ಮ ಮನೆಯಲ್ಲಿ ಯಾವಾಗ ಏನು ನಡೆಯುತ್ತದೆ ಎಂಬುದನ್ನು ಸಹ ಪರವೂರಿನ ಹುಡುಗಿ ನನಗೆ ಹೇಳಬೇಕಾಯಿತು.

ಹಾಸ್ಟೆಲ್ ನೋಡಿಕೊಳ್ಳುವ ಮಿಸ್ ಹತ್ತಿರ ಹೋಗಿ, ಪರೀಕ್ಷೆ ಬೇಡ, ಊರಿಗೆ ಹೋಗುತ್ತೇನೆ ಎಂದೆ. ‘ಮನೆಯಿಂದ ಕರೆ ಬರಲಿ ಸಲೋಮಿ, ಆ ಹೊತ್ತಿಗೇ ಬಿಡುತ್ತೇನೆ’ ಎಂದರು. ಅವರು ಕೆಟ್ಟವರಲ್ಲ. ಆದರೆ ಕರೆ ಯಾವಾಗ ಬರುತ್ತದೆ? ಬಂದಾಗ ನಾನು ಏನನ್ನು ನೋಡಲು ಬರಬೇಕು?

ಆದ್ದರಿಂದ ಈಗಲೇ ಹೇಳುತ್ತೇನೆ. ನಾನು ಶೀತಜ್ವರ ಬಂದು ಮಲಗಿದ್ದಾಗ ನೀವು ಮಗ್ಗ ಬಿಟ್ಟು ನನ್ನ ಪಕ್ಕದಲ್ಲಿ ಕೂತು, ನೀವು ಗುಳೇದಗುಡ್ಡದಿಂದ ಬನಹಟ್ಟಿಗೆ ಬಂದ ಕತೆಯನ್ನು ನಡುರಾತ್ರಿಯ ತನಕ ಹೇಳಿದಿರಿ. ರಜೆಗೆ ಬಂದಾಗಲೆಲ್ಲ, ಮಿಶನ್ನಿನ ದೊರೆಸಾನಿಯರನ್ನು ಕರೆಯುವಂತೆ, ‘ನಮ್ಮ ಮಡಮ್ಮ ಬಂದಳು’ ಎಂದು ನಗುತ್ತಿದ್ದಿರಿ, ನಾನು ಸಿಟ್ಟಾಗುತ್ತಿದ್ದೆ. ಈಗ ಯಾರಾದರೂ ಹಾಗೆ ಕರೆಯಲಿ ಎನಿಸುತ್ತಿದೆ. ನೀವು ಒಳ್ಳೆಯ ಅಪ್ಪ. ನನಗೆ ಬೇರೆ ಅಪ್ಪ ಬೇಕಿರಲಿಲ್ಲ.

ಕಳೆದ ತಿಂಗಳುಗಳಲ್ಲಿ ನನಗೆ ಪ್ರಾರ್ಥನೆಯೇ ಬರುತ್ತಿರಲಿಲ್ಲ. ನಿನ್ನೆ ಬಂತು. ದೇವರಿಗೆ ಬಾಯಿಗೆ ಬಂದಂತೆ ಬೈದೆ. ನಮ್ಮದು ಆ ಸೀಮೆಗೆಲ್ಲ ನಾಲ್ಕೇ ಮನೆಯ ಸಭೆ, ಅದರಲ್ಲಿ ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪಿಸದವನೇ ನಿನಗೆ ಸಿಕ್ಕನೇ, ನಿನಗೆ ಕಣ್ಣಿಲ್ಲವೇ ಎಂದೆ. ತಪ್ಪಾಗಿದ್ದರೆ ನೀವೇ ನನ್ನ ಪರವಾಗಿ ಅಲ್ಲಿ ಹೇಳಿ.

ನಿಮ್ಮ ಸಲೋಮಿ


ಬನಹಟ್ಟಿ
೨೯ ಸೆಪ್ಟೆಂಬರ್ ೧೯೫೩

ಸಲೋಮಿಗೆ.

ಆಶೀರ್ವಾದ ಆಮ್ಯಾಲೆ ಹೇಳತೀನಿ, ಮೊದಲ ಬೈತೀನಿ. ಯಾರು ಸಾಯಾಕತ್ತಾರ ಬೇ? ಯಾರು ಹೇಳಿದ್ರು ನಿನಗ?

ನಿನ್ನ ಕಾಗದ ನಿಮ್ಮಪ್ಪಗ ಅಂತ ಬಂತು. ಅವರು ಮನ್ಯಾಗಿಲ್ಲ. ಅನುಸೂಯಾ ಓದಾಕ ಹತ್ತಿದ್ಲು. ಓದತಾ ಓದತಾ ಅಳಾಕ ಹತ್ತಿದ್ಲು. ಆಕಿ ಅಳೂದು ನೋಡಿ ಬನಶಂಕರಿ ಬಂದ್ಲು, ಏನಾತು ಅಂತ ಕೇಳದ ಎದಿ ಬಡಕೊಂಡ್ಲು. ಆಕಿ ಧ್ವನಿ ಕೇಳಿ ಓಣಿಯೆಲ್ಲಾ ಕೂಡ್ತು. ಮುರಗೆಪ್ಪ ರಬಕವಿ ಸಂತ್ಯಾಗಿಂದ ಓಡಿಕೋತ ಬಂದ. ಎಲ್ಲಾರಿಗೂ ‘ನನ್ನ ಗಂಡ ಜೀವಂತ ಅದಾನ್ರೋ’ ಅಂತ ಹೇಳಿ ಹೇಳಿ ನನ್ನ ಬಾಯಿ ಬಿತ್ತು.

ನಮ್ಮಲ್ಲಿ ಗುಡಿಗೆ ಬರಲಾರದವರಿಗೆ ಅಯ್ಯನವರು ಮನಿಗೇ ಬಂದು ರಾತ್ರಿ ಭೋಜನ ಕೊಡತಾರ. ಕಾಲು ಮುರದವರಿಗೂ ಕೊಡತಾರ, ಬಾಣಂತಿಗೂ ಕೊಡತಾರ. ನೀ ಹುಟ್ಟಿದಾಗ ನನಗೂ ಇದ ಮನ್ಯಾಗ ಕೊಟ್ಟಾರ. ನಾ ಸತ್ನೇನು?

ಈಗ ಮುಚ್ಚೂದಿಲ್ಲ. ನಿಮ್ಮಪ್ಪಗ ಕ್ಷಯ. ಅಯ್ಯನವರು ಬಂದು ಹೋದ ಮರುದಿನ ಮುರಗೆಪ್ಪ ಕುಡಚಿತನಕ ಗಾಡಿ ಕಟಿಗೊಂಡು ಹೋಗಿ, ರೈಲಿನ್ಯಾಗ ಮೀರಜಿಗೆ ಕರಕೊಂಡು ಹೋಗಿ ದವಾಖಾನಿಗೆ ಸೇರಿಸಿ ಬಂದಾನ. ನಿನಗ ತಿಳದ್ರ ಪರೀಕ್ಷಾ ಬಿಟ್ಟು ಬರತಿ ಅಂತ ನಾನ ಹೇಳಬ್ಯಾಡ ಅಂದೆ. ಮುಚ್ಚಿದ್ದಕ್ಕ ನೀ ಇನ್ನೂ ದೊಡ್ಡದು ಕಲ್ಪನಾ ಮಾಡಿದಿ. ಇದು ನನ್ನ ತಪ್ಪು.

ನಿನ್ನ ಕಾಗದ ತಗೊಂಡು ನಾಳೆ ನಾ ಮೀರಜಿಗೆ ಹೋಗತೀನಿ. ಅದು ಅವರದು.

ನಿಮ್ಮವ್ವ.


ಮೀರಜ
೬ ಅಕ್ಟೋಬರ್ ೧೯೫೩

ನನ್ನ ಮಡಮ್ಮನಿಗೆ,

ಸತ್ತವರ ಬಗ್ಗೆ ಜನ ಏನೆನ್ನುತ್ತಾರೆ ಎಂದು ತಿಳಿಯುವ ಭಾಗ್ಯ ಯಾರಿಗೂ ಇರುವುದಿಲ್ಲ. ನನಗೆ ಅದು ಹಾಸಿಗೆಯ ಮೇಲೆ ಕೂತು, ಒಂದು ಕೈಯಲ್ಲಿ ಬೇಯಿಸಿದ ಕೋಳಿ ತತ್ತಿ ಹಿಡಿದು, ಸಿಕ್ಕಿತು. ಓದಿದೆ. ಮತ್ತೆ ಓದಿದೆ. ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ನರ್ಸಮ್ಮ ಬಂದು ಮರಾಠಿಯಲ್ಲಿ ಗದರಿದರು. ‘ಒಳ್ಳೆಯ ಅಪ್ಪ’ ಎಂದು ಬರೆದಿದ್ದೀಯಲ್ಲ, ಇನ್ನು ಅದನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಎದೆಯ ಫೋಟೋ ತೆಗೆದರು. ಒಂದು ಬದಿಯ ಪುಪ್ಪುಸ ಕೆಟ್ಟಿದೆ. ಇನ್ನೊಂದು ಚೆನ್ನಾಗಿದೆ. ದಿನಾ ಸೂಜಿ ಹಾಕುತ್ತಾರೆ. ಈ ಔಷಧ ಹೊಸದು, ನನ್ನಂಥವರು ಎದ್ದು ಮನೆಗೆ ಹೋಗಿದ್ದಾರೆ, ಹೋಗದವರೂ ಇದ್ದಾರೆ ಎಂದು ಡಾಕ್ಟರು ಹೇಳಿದರು. ಸುಳ್ಳು ಹೇಳದ ಡಾಕ್ಟರು ನನ್ನ ಮನಸ್ಸಿಗೆ ಸೇರಿದರು. ಡಿಸೆಂಬರಿನಲ್ಲಿ ಇನ್ನೊಂದು ಫೋಟೋ. ಆಗ ತಿಳಿಯುತ್ತದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಲು ಮಾತ್ರ ಇನ್ನು ಯಾವತ್ತೂ ಕೂರಬಾರದಂತೆ. ಇದೊಂದಕ್ಕೆ ನಾನಿನ್ನೂ ಆಮೆನ್ ಅಂದಿಲ್ಲ.

ಮಳೆಗಾಲದಲ್ಲಿ ನಾನು ಯಾಕೆ ಬರೆಯಲಿಲ್ಲ ಎಂದು ನೀನು ಕೇಳುತ್ತೀಯ. ಕೈಗೇನೂ ಆಗಿರಲಿಲ್ಲ. ನಾನು ಬರೆದರೆ ಖರೆ ಬರೆಯಬೇಕಾಗುತ್ತಿತ್ತು. ನಿಮ್ಮವ್ವ ಬೇಡವೆಂದು ಕೈ ಹಿಡಿದಳು. ಸುಳ್ಳು ಬರೆಯುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಸುಮ್ಮನಾದೆ. ನಿನ್ನ ಕಾಗದ ನೋಡಿದ ಮೇಲೆ ಅನಿಸಿತು, ಆ ಸುಮ್ಮನಿದ್ದದ್ದೂ ಒಂದು ಬಗೆಯ ಸುಳ್ಳೇ.

ಇನ್ನೊಂದು ಸಂಗತಿ. ಸಂಜೆಯ ಪ್ರಾರ್ಥನೆ ಒಂದು ದಿನವೂ ತಪ್ಪಿಸದವನು ಎಂದು ನನ್ನನ್ನು ಹೊಗಳಿದ್ದೀಯ. ಮಗಳೇ, ಜೂನಿನಿಂದ ನನಗೆ ಪ್ರಾರ್ಥನೆ ಆಗುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜ್ವರ ಬರುತ್ತಿತ್ತು. ಬಾಯಿ ತೆರೆದರೆ ಕೆಮ್ಮು. ಒಳಗೆ ಹೆದರಿಕೆ ಬಿಟ್ಟರೆ ಏನೂ ಇರಲಿಲ್ಲ. ಒಂದು ಸಂಜೆ ನಿಮ್ಮವ್ವನಿಗೆ ಹೇಳಿಯೇಬಿಟ್ಟೆ, ‘ಮಾರ್ಥಾ, ನನ್ನ ಕೈಲೆ ಆಗವಲ್ದು.’

ನಿಮ್ಮವ್ವ ನಿನಗೆ ಗೊತ್ತು. ಮದುವೆಯಾದಾಗಿನಿಂದ ಪ್ರಾರ್ಥನೆಯಲ್ಲಿ ಅವಳ ಪಾಲು ಕಡೆಗೊಂದು ಆಮೆನ್. ಅಯ್ಯನವರು ಒತ್ತಾಯ ಮಾಡಿದರೂ ಬಾಯಿಬಿಟ್ಟವಳಲ್ಲ. ಅವತ್ತು ತಲೆಯ ಮೇಲೆ ಸೆರಗು ಹೊದ್ದು, ‘ನಾ ಮಾಡತೀನಿ, ನೀವು ಆಮೆನ್ ಅನ್ರಿ ಸಾಕು’ ಎಂದಳು. ಹೇಗೆ ಮಾಡಿದಳು ಗೊತ್ತೇ? ‘ಸ್ವಾಮಿ, ನಾ ಎಲೀಯಪ್ಪನ ಹೆಣ್ತಿ ಮಾತಾಡಾಕತ್ತೇನ್ರಿ’ ಎಂದು ಶುರುಮಾಡಿದಳು. ದೇವರಿಗೆ ಗುರುತು ಹತ್ತಲಿಕ್ಕಿಲ್ಲವೆಂದು. ಮೊದಲು ಲಗಮವ್ವನ ಆಡಿನ ಕಾಲಿನ ಹುಣ್ಣಿಗೆ ಬೇಡಿದಳು. ಆಮೇಲೆ ಅನುಸೂಯಾಳ ಅಳಿಯನಿಗೆ. ಆಮೇಲೆ ನಿನ್ನ ಲಾಜಿಕ್ಕಿಗೆ. ‘ಅದು ಏನೋ ಗೊತ್ತಿಲ್ಲ, ಅದರ ಕೈಯಾಗಿಂದ ನನ್ನ ಮಗಳನ ಬಿಡಸು’ ಎಂದಳು. ನಾನು ಕಣ್ಣು ಮುಚ್ಚಿ ಕಾಯುತ್ತಲೇ ಇದ್ದೇನೆ, ನನ್ನ ಪಾಳಿ ಬರಲೇ ಇಲ್ಲ! ಎಲ್ಲ ಮುಗಿದ ಮೇಲೆ ‘ಇವರದೂ ನಿನಗ ಗೊತ್ತ ಅದಲ್ಲ’ ಎಂದಳು, ಅಷ್ಟೇ. ಆಮೆನ್ ಅಂದೆ. ಬಹಳ ದಿನಗಳ ಮೇಲೆ ಆ ಮಾತು ನನ್ನೊಳಗಿನಿಂದ ಬಂತು.

ಅಲ್ಲಿಂದ ಮೀರಜಿಗೆ ಬರುವ ತನಕ ಸಂಜೆಯ ಪ್ರಾರ್ಥನೆ ಅವಳದೇ. ಬನಶಂಕರಿ ಬಾಗಿಲಲ್ಲಿ ನಿಂತು ‘ನಮ್ಮ ಎಮ್ಮಿದೂ ಒಂದ ಮಾತು ಹೇಳ ಬೇ’ ಎನ್ನುತ್ತಿದ್ದಳು.

ದೇವರಿಗೆ ಬೈದೆ ಎಂದು ಬರೆದಿದ್ದೀಯ. ಆ ಪಾಪವನ್ನು ಅಲ್ಲಿ ಹೋಗಿ ಹೇಳುವ ಕೆಲಸ ನನಗೆ ಒಪ್ಪಿಸಿದ್ದೀಯ. ನಾನು ಸದ್ಯ ಆ ಕಡೆ ಹೋಗುವವನಲ್ಲ, ನೀನೇ ಹೇಳಿಕೊ. ನನಗೆ ಕೇಳಿದರೆ ಅದೂ ಪ್ರಾರ್ಥನೆಯೇ. ಬೈಯಬೇಕೆಂದರೂ ಎದುರಿಗೆ ಒಬ್ಬರು ಇರಬೇಕಲ್ಲ.

ಪರೀಕ್ಷೆಗೆ ಕೂತುಕೊ. ಫೇಲಾದರೆ ಆಗು, ಕೂರದೆ ಮಾತ್ರ ಬರಬೇಡ. ಸೆವ್ರಿನ್‌ಗೆ ಹೇಳು, ಅವಳ ಅಜ್ಜನ ಮುಖ ಶಾಂತವಾಗಿತ್ತಲ್ಲ, ನನಗೂ ಒಂದು ದಿನ ಅಷ್ಟೇ ಸಾಕು. ಆದರೆ ಇಷ್ಟು ಬೇಗ ಅಲ್ಲ.

ನಿಮ್ಮಪ್ಪ,
ಎಲೀಯಪ್ಪ


ಧಾರವಾಡ
೧೩ ಡಿಸೆಂಬರ್ ೧೯೫೩

ಪ್ರೀತಿಯ ಅಪ್ಪನಿಗೆ,

ಲಾಜಿಕ್ಕಿನಲ್ಲಿ ಪಾಸಾದೆ! ಅವ್ವನಿಗೆ ತಿಳಿಸಿದ್ದೇನೆ. ‘ಹೇಳಿದ್ನಿಲ್ಲೋ’ ಎಂದು ಕಾಕುನ ಅಕ್ಷರದಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿ ಕಡಿಮೆ ಬಂದಿದೆ. ಅದಕ್ಕೆ ಅವಳು ಬೇಡಿರಲಿಲ್ಲವಂತೆ, ಅದು ನನಗೆ ಮೊದಲೇ ಬರುತ್ತದೆ ಎಂದುಕೊಂಡಿದ್ದಳಂತೆ.

ನಿಮ್ಮ ಕಾಗದ ಬಂದ ವಾರ ನಡೆದದ್ದು ನಾನು ನಿಮಗೆ ಬರೆದಿರಲಿಲ್ಲ. ಇಲ್ಲಿ ಭಾನುವಾರ ಸಂಜೆ ಯಾರಿಗಾಗಿ ಪ್ರಾರ್ಥಿಸಬೇಕೆಂದು ಮಿಸ್ ಕೇಳುತ್ತಾರೆ. ಹುಡುಗಿಯರು ಎದ್ದು ನಿಂತು ಹೇಳುತ್ತಾರೆ. ನಾನು ಎಂದೂ ಎದ್ದವಳಲ್ಲ. ಅವತ್ತು ಎದ್ದೆ. ಇಂಗ್ಲಿಷಿನಲ್ಲಿ ಸಾಲು ಕಟ್ಟಿಕೊಂಡಿದ್ದೆ. ನಿಂತೊಡನೆ ಎಲ್ಲ ಹಾರಿಹೋಗಿ, ‘ನಮ್ಮಪ್ಪಗ ಕ್ಷಯ ಆಗ್ಯದ’ ಎಂದು ಬನಹಟ್ಟಿಯ ಕನ್ನಡದಲ್ಲಿ ಬಂತು. ಯಾರೂ ನಗಲಿಲ್ಲ. ಆದರೆ ರಾತ್ರಿ ರೂಮಿಗೆ ಹೋದಾಗ ನಮ್ಮ ಜೊತೆಗಿದ್ದ ಮೂರನೆಯ ಹುಡುಗಿ ತನ್ನ ಮಂಚವನ್ನು ಬಾಗಿಲ ಕಡೆಗೆ ಎಳೆದುಕೊಂಡಿದ್ದಳು. ಸೆವ್ರಿನ್ ಅದನ್ನು ನೋಡಿದಳು. ತನ್ನ ಮಂಚವನ್ನು ದರದರ ಎಳೆದು ತಂದು ನನ್ನ ಮಂಚಕ್ಕೆ ಹಚ್ಚಿದಳು. ‘ನಿನ್ನ ಅಪ್ಪನನ್ನು ನಾನೇ ಒಮ್ಮೆ ಕೊಂದಿದ್ದೇನೆ, ಇನ್ನು ನಾನು ಕಾಯಬೇಕು’ ಎಂದಳು. ಈಗ ಅವಳ ಗೊರಕೆ ನನ್ನ ಕಿವಿಯಲ್ಲೇ.

ಅವತ್ತಿನಿಂದ ನನಗೆ ಸ್ವಲ್ಪ ಪ್ರಾರ್ಥನೆ ಬರುತ್ತಿದೆ. ಉದ್ದ ಬರುವುದಿಲ್ಲ. ಹೆದರಿಕೆಯೂ ಪೂರ್ತಿ ಹೋಗಿಲ್ಲ. ಎರಡೂ ಒಂದೇ ಮಂಚದಲ್ಲಿ ಮಲಗುತ್ತವೆ.

ಕ್ರಿಸ್ಮಸ್ ರಜೆಗೆ ಬಿಡುತ್ತಾರೆ. ಧಾರವಾಡದಲ್ಲಿ ರೈಲು ಹತ್ತಿದರೆ ನೇರ ಮೀರಜಿಗೆ ಬರಬಹುದು ಎಂದು ವಿಚಾರಿಸಿದ್ದೇನೆ. ಅವ್ವ ಕುಡಚಿಯಲ್ಲಿ ಅದೇ ರೈಲು ಹತ್ತುತ್ತಾಳೆ. ಮಿಸ್ ಒಪ್ಪಿದ್ದಾರೆ. ದವಾಖಾನೆಯವರು ಬಿಡುವುದಾದರೆ ಈ ಸಲದ ಹಬ್ಬ ನಿಮ್ಮ ವಾರ್ಡಿನ ವರಾಂಡದಲ್ಲೇ. ಪ್ರಾರ್ಥನೆ ಅವ್ವ ಮಾಡಲಿ. ಮಗ್ಗದ ಮಾತಿಗೆ ನೀವು ಆಮೆನ್ ಅನ್ನದಿದ್ದರೆ ನಾನೂ ಅನ್ನುವುದಿಲ್ಲ. ಮೂವರೂ ಕೂತು ಮುಂದೆ ಏನು ಮಾಡುವುದೆಂದು ಮಾತಾಡೋಣ.

ಡಿಸೆಂಬರಿನಲ್ಲಿ ಎದೆಯ ಎರಡನೆಯ ಫೋಟೋ ಎಂದಿದ್ದಿರಿ. ಒಳ್ಳೆಯ ಸುದ್ದಿಯೇ ಬೇಕೆಂದು ನಾನು ದೇವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದೇನೆ. ನಿಮ್ಮಿಂದ ನನಗೆ ಬೇಕಾದದ್ದು ಖರೆ ಸುದ್ದಿ. ಒಳ್ಳೆಯದೇ ಇರಲಿ, ಅಲ್ಲದೇ ಇರಲಿ, ನಿಮ್ಮ ಅಕ್ಷರದಲ್ಲೇ ಬರಲಿ. ಓದಲು ನಾನು ಒಬ್ಬಳೇ ಇಲ್ಲ ಇಲ್ಲಿ.

ಫೋಟೋದಲ್ಲಿ ಏನು ಬಂತು? ನಾನು ಬರಬಹುದೇ? ಈ ಕಾಗದ ಮುಟ್ಟಿದ ದಿನವೇ ಉತ್ತರ ಬರೆಯಿರಿ.

ನಿಮ್ಮ ಮಗಳು,
ಸಲೋಮಿ